ಮುರಿದು ಕೊಡಲಾಗುತ್ತದೆ

ಗುಬ್ಬಿಯ ಸೋದರತ್ತೆಯ ಕುರ್ಚಿ ರಿಪೇರಿ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. "ಈ ತಿಂಗಳೂ ಹೀಗೇ ಆದ್ರೆ ಬಾಗಿಲು ಹಾಕ್ತೀನಿ ಕಣೇ," ಎಂದು ಅತ್ತೆ ಹೇಳಿದಾಗ ಗುಬ್ಬಿಯ ಎದೆ ಧಸಕ್ಕೆಂದಿತು. ನಾಲ್ಕು ಜನರೆದುರು ನಾಲಿಗೆ ಸೇದಿಹೋಗುವ ಅವಳಿಗೆ ಮಾತು ಬರುತ್ತಿದ್ದುದು ಆ ಮರದ ಪುಡಿಯ ನಡುವೆ ಮಾತ್ರ.

ಪದವಿ ಓದುವಾಗ ಕಲಿತ ವಿಡಿಯೊ ಎಡಿಟಿಂಗ್ ಇನ್ನೆಂದಿಗೆ? ಎರಡು ವಿಡಿಯೊ ಮಾಡಿದಳು: ಮೊದಲು ಮುರುಕು ಕುರ್ಚಿ, ಆಮೇಲೆ ರಿಪೇರಿಯಾದದ್ದು. ಮುರಿದ ಕಾಲಿನ ಮೇಲೆ ಸಂಜೆಯ ಬೆಳಕು ಬೀಳಿಸಿ, ಕೊಳಲಿನ ದನಿ ಸೇರಿಸಿ ಅಂಗಡಿಯ ಪೇಜಿಗೆ ಹಾಕಿದಳು. ಜನ ಮುಗಿಬಿದ್ದರು. ಆದರೆ ಮುರುಕಿಗೆ! ರಿಪೇರಿಯಾದದ್ದನ್ನು ನಾಯಿಯೂ ಮೂಸಲಿಲ್ಲ.

ಮರುದಿನವೇ ಒಬ್ಬಾಕೆ ಹೊಚ್ಚಹೊಸ ಕುರ್ಚಿ ಹೊತ್ತು ತಂದಳು. "ವಿಡಿಯೊದಲ್ಲಿದ್ದ ಹಾಗೇ ಮುರಿದುಕೊಡಿ. ಹಾಲ್‌ನಲ್ಲಿ ಇಡೋಕೆ."

"ಮತ್ತೆ ಕೂತ್ಕೊಳ್ಳೋಕೆ?" ಎಂದಳು ಅತ್ತೆ.

"ಅದಕ್ಕೆ ಸೋಫಾ ಇದೆಯಲ್ಲ!"

ವಾರದೊಳಗೆ ಅಂಗಡಿ ಮುಂದೆ ಸಾಲು. ರಿಪೇರಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಮುರಿಯಲು ಎರಡೇ ಏಟು. ಗುಬ್ಬಿ ಆನ್‌ಲೈನ್ ಬುಕಿಂಗ್ ಶುರುಮಾಡಿ, ಯಾವ ಕಾಲು, ಎಷ್ಟು ವಾಲಬೇಕು ಎಂಬುದನ್ನೂ ಗಿರಾಕಿಗಳೇ ಆರಿಸುವಂತೆ ಮಾಡಿದಳು. ನಿಜವಾಗಿಯೂ ಕುರ್ಚಿ ಮುರಿದುಕೊಂಡ ಮೇಷ್ಟ್ರೊಬ್ಬರು ಬಂದರೆ, "ಆಗಲೇ ಮುರಿದಿದೆಯಲ್ಲ ಸಾರ್, ನಮಗೇನು ಕೆಲಸ?" ಎಂದು ತನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ ಹೇಳಿ ಕಳಿಸಿದಳು. ಅತ್ತೆ ಮಾತ್ರ ಪ್ರತಿ ಕುರ್ಚಿಗೂ "ತಪ್ಪಾಯ್ತಪ್ಪ" ಎಂದು ಕೆನ್ನೆ ತಟ್ಟಿಕೊಂಡೇ ಸುತ್ತಿಗೆ ಎತ್ತುತ್ತಿದ್ದಳು. ದಿನೇ ದಿನೇ ಸೊರಗುತ್ತಿದ್ದಳು. "ಹೀಗಾದ್ರೆ ನಾನೇ ಬಾಗಿಲು ಹಾಕ್ಕೊಂಡು ಹೋಗ್ತೀನಿ," ಎಂಬ ಮಾತು ಮತ್ತೆ ಬಂತು.

ಒಂದು ಬೆಳಿಗ್ಗೆ ಔಷಧಿ ಅಂಗಡಿಯವನು ತನ್ನ ಕುರ್ಚಿ ತಂದ. ಅತ್ತೆ ಹೊಡೆದಳು. ಕುರ್ಚಿ ಮಿಸುಕಲಿಲ್ಲ. ಮತ್ತೆ ಹೊಡೆದಳು, ಸುತ್ತಿಗೆಯ ಹಿಡಿಯೇ ಕಳಚಿತು. ಬಗ್ಗಿ ಕಾಲು ಕೂಡಿಸಿದ ಜಾಗ ನೋಡಿದವಳ ಮುಖ ಊರಗಲವಾಯಿತು.

"ಅಯ್ಯೋ, ಇದು ನಾನೇ ರಿಪೇರಿ ಮಾಡಿದ್ದು ಕಣೇ!"

"ಯಾರು ಮಾಡಿದ್ರೇನಮ್ಮ, ಬುಕಿಂಗ್ ಆಗಿದೆ, ಮುರೀರಿ," ಎಂದ ಅವನು.

ಅತ್ತೆ ಚಪ್ಪಲಿ ಬಿಟ್ಟು ಕುರ್ಚಿ ಹತ್ತಿ ಹಿಗ್ಗಿನಿಂದ ಧಡಧಡ ಕುಣಿಯತೊಡಗಿದಳು; ಕುರ್ಚಿ ಕಿರ್ರೆನ್ನಲೂ ಇಲ್ಲ. ಗುಬ್ಬಿ ವಿಡಿಯೊ ತೆಗೆದಳು. ಇದನ್ನು ಹಾಕಿದರೆ ಮುರಿಸಲು ಬಂದವರೆಲ್ಲ ಓಡಿಹೋಗಬಹುದು. ಹಾಕದಿದ್ದರೆ ಅತ್ತೆಯ ಈ ಮುಖವನ್ನು ಕಾಣುವವರು ಯಾರು? ಕಣ್ಣು ಮುಚ್ಚಿ ಅಪ್‌ಲೋಡ್ ಒತ್ತಿಯೇಬಿಟ್ಟಳು. ಸಾಲಿನಲ್ಲಿದ್ದವರ ಮೊಬೈಲುಗಳೆಲ್ಲ ಟಣ್ ಟಣ್ ಎಂದವು.

ಎಲ್ಲರೂ ತಲೆ ಬಗ್ಗಿಸಿ ವಿಡಿಯೊ ನೋಡಿದರು. ಕೊನೆಗೆ ಮುಂದೆ ನಿಂತಿದ್ದವಳು ತನ್ನ ಕುರ್ಚಿಯನ್ನು ತಬ್ಬಿಕೊಂಡು ಕೇಳಿದಳು: "ನಮ್ಮದನ್ನೂ ಹೀಗೇ ಗಟ್ಟಿ ಮಾಡ್ಕೊಡ್ತೀರಾ?"

"ಮಾಡ್ಕೊಡ್ತೀನಿ ತಾಯಿ. ಆದ್ರೆ ರಿಪೇರಿ ಮಾಡ್ಬೇಕಂದ್ರೆ ಮೊದ್ಲು ಮುರೀಬೇಕಲ್ಲ?" ಎಂದ ಅತ್ತೆ, ಕುಣಿತ ನಿಲ್ಲಿಸದೆಯೇ ಕೂಗಿದಳು, "ಗುಬ್ಬೀ, ಎರಡಕ್ಕೂ ಬುಕಿಂಗ್ ತಗೊಳ್ಳೇ!"