ರಝಾಕನ ಕೈಗೆ ತಡವಾಗಿ ಬಂದ ಮತಪತ್ರ

ಸೌದಿಯ ಅಲ್ ಖೋಬರಿನ ಒಂದು ಕಂಪೆನಿಯಲ್ಲಿ ಕೆಲಸಗಾರರಿಗೆಲ್ಲ ಸೇರಿ ಒಂದೇ ಅಂಚೆ ಪೆಟ್ಟಿಗೆ. ಕಂಪೆನಿಯ ಪರವಾಗಿ ಸರ್ಕಾರಿ ಕಚೇರಿ ಸುತ್ತುವ ಮಂದೂಬ್, ಕೆಲಸಗಾರರ ಇಕಾಮಾ, ಅಂದರೆ ವಾಸದ ಪರವಾನಗಿಯ ಕೆಲಸಕ್ಕೆ ಹೋದಾಗ ನೆನಪಾದರೆ ಪೆಟ್ಟಿಗೆ ತೆರೆಯುತ್ತಾನೆ, ಇಲ್ಲದಿದ್ದರೆ ಇಲ್ಲ. ಊರಿನಿಂದ ಈಗ ಯಾರು ಕಾಗದ ಬರೆಯುತ್ತಾರೆ? ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅಲ್ಲಿ ಟಪಾಲು ನೋಡಿಕೊಳ್ಳುವವನು ಉಡುಪಿ ಕಡೆಯ ಎಲಿಯಾಸ್. ಒಂದು ಬೆಳಿಗ್ಗೆ ಬಾಂಗ್ಲಾದೇಶದ ವೆಲ್ಡರ್ ರಝಾಕ್ ಮೊಬೈಲ್ ಹಿಡಿದುಕೊಂಡು ಅವನ ಮೇಜಿನ ಹತ್ತಿರ ಬಂದ.

"ಎಲಿಯಾಸ್ ಭಾಯ್, ನಮ್ಮಲ್ಲಿ ಪಾರ್ಲಿಮೆಂಟ್ ಚುನಾವಣೆ. ಈ ಸಲ ಹೊರದೇಶದಲ್ಲಿರುವವರಿಗೂ ಅಂಚೆಯಲ್ಲಿ ಮತಪತ್ರ ಕಳಿಸ್ತಾರೆ. ಯಾವ ವಿಳಾಸ ಕೊಡಲಿ?"

"ಕಂಪೆನಿ ಪೆಟ್ಟಿಗೆಯದೇ ಕೊಡು ಮಾರಾಯ. ನಿಂಗೆ ಬೇರೆ ವಿಳಾಸ ಎಲ್ಲುಂಟು?" ಎಲಿಯಾಸ್ ತಲೆಯೆತ್ತದೆ ಹೇಳಿದ. "ಒಬ್ಬರನ್ನು ಓಡಿಸಿದ್ರಿ, ಇನ್ನೊಬ್ಬರು ಬರ್ತಾರೆ. ನಿನ್ನ ಒಂದು ವೋಟಿನಿಂದ ಎಂತ ಆಗ್ಲಿಕ್ಕುಂಟು?"

ರಝಾಕ್ ನಗಲಿಲ್ಲ. ಆಳುತ್ತಿದ್ದವರನ್ನು ಇಳಿಸಲು ಜನ ಬೀದಿಗೆ ಬಂದಾಗ ಅವನ ತಮ್ಮನೂ ಹೋಗಿದ್ದ. ಗುಂಡು ತಗುಲಿ ಸತ್ತ. ಮಣ್ಣು ಮಾಡುವುದಕ್ಕೆ ಹೋಗಲೂ ರಝಾಕನಿಗೆ ರಜೆ ಸಿಗಲಿಲ್ಲ.

"ಅವನಿಗೋಸ್ಕರ ನನ್ನಿಂದ ಆಗುವುದು ಇದೊಂದೇ, ಭಾಯ್," ಎಂದ.

ಆಮೇಲೆ ದಿನಾ ಬರತೊಡಗಿದ. "ಬಂತಾ ಭಾಯ್?"

"ನಿನ್ನ ಮದುವೆ ಕಾಗದವಾ ಅದು, ದಿನಾ ಕೇಳ್ಲಿಕ್ಕೆ? ಬಂದ್ರೆ ಕೊಡ್ತೇನೆ."

ಮಂದೂಬನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಎಲಿಯಾಸ್ ಮಾಡಲಿಲ್ಲ.

ಕೊನೆಗೆ ಮಂದೂಬ್ ಕಾರಿನ ಡಿಕ್ಕಿಯಿಂದ ಒಂದು ಚೀಲ ಟಪಾಲು ತಂದು ಮೇಜಿನ ಮೇಲೆ ಸುರಿದ. ಬ್ಯಾಂಕಿನ ಜಾಹೀರಾತುಗಳ ನಡುವೆ ರಝಾಕನ ಹೆಸರಿನ ಲಕೋಟೆ ಇತ್ತು. ಅಷ್ಟರಲ್ಲಿ ಮತ ಎಣಿಕೆ ಮುಗಿದು, ಗೆದ್ದವರು ಯಾರೆಂದು ಕೆಲಸಗಾರರ ಕ್ಯಾಂಪಿಗೆಲ್ಲ ಗೊತ್ತಾಗಿತ್ತು.

ರಝಾಕ್ ಬೈದಿದ್ದರೆ ಎಲಿಯಾಸಿಗೆ ಸುಲಭವಾಗುತ್ತಿತ್ತು. ರಝಾಕ್ ಲಕೋಟೆ ತೆಗೆದುಕೊಂಡು ತಿರುಗಿಸಿ ನೋಡಿ, ಕುರ್ಚಿ ಇದ್ದರೂ ನೆಲದ ಮೇಲೆ ಕುಳಿತ.

"ಮೊದಲು ನಾನು ಬೂತಿಗೆ ಹೋಗುವ ಮುಂಚೆಯೇ ನನ್ನ ವೋಟನ್ನು ಯಾರೋ ಹಾಕಿ ಆಗಿರ್ತಿತ್ತು, ಭಾಯ್. ಈ ಸಲ ಕದಿಯುವವರು ಯಾರೂ ಇರಲಿಲ್ಲ. ಆದರೂ ಹೋಯಿತು."

ಆ ರಾತ್ರಿ ಖೋಬರಿನ ಬಾಡಿಗೆ ಮನೆಯಲ್ಲಿ ಎಲಿಯಾಸ್ ಹೆಂಡತಿ ಆಲ್ಬಿನಾಳಿಗೆ ಎಲ್ಲ ಹೇಳಿದ. ಆಲ್ಬಿನಾ ಸಮಾಧಾನ ಮಾಡುವ ಹೆಂಗಸಲ್ಲ.

"ಅವನಾದ್ರೂ ಕೇಳಿಕೊಂಡು ಬಂದ. ನೀವು? ಹೋದ ಚುನಾವಣೆಗೆ ಊರಲ್ಲೇ ರಜೆಯಲ್ಲಿದ್ರಿ. ವೋಟಿನ ದಿನ ಮೀನು ತರ್ಲಿಕ್ಕೆ ಮಲ್ಪೆಗೆ ಹೋದ್ರಿ."

"ಈಗ ಊರಲ್ಲಿಲ್ಲ ಅಂತ ಪಟ್ಟಿಯಿಂದ ನನ್ನ ಹೆಸರೇ ತೆಗ್ದಿದ್ದಾರೆ ಮಾರಾಯ್ತಿ."

"ಪುನಃ ಸೇರಿಸ್ಲಿಕ್ಕೆ ಆಗ್ತದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ, ಹೊರದೇಶದ ಮತದಾರ ಅಂತ. ಫಾರ್ಮ್ ಆರು-ಎ. ಪಾಸ್‌ಪೋರ್ಟಿನಲ್ಲಿ ಯಾವ ಊರು ಉಂಟೋ ಅಲ್ಲಿಯೇ ಹೆಸರು ಬರ್ತದೆ. ಆದ್ರೆ ನಮಗೆ ಅಂಚೆಯಲ್ಲಿ ಬರುವುದಿಲ್ಲ. ಊರಿಗೇ ಹೋಗಿ, ಮೂಲ ಪಾಸ್‌ಪೋರ್ಟ್ ತೋರಿಸಿ ಹಾಕ್ಬೇಕು."

"ರಜೆ ಯಾರು ಕೊಡ್ತಾರೆ?"

"ಮದುವೆಗೆ ಸಿಗ್ತದೆ, ಚರ್ಚಿನ ಮೊಂತಿ ಹಬ್ಬಕ್ಕೆ ಸಿಗ್ತದೆ. ಇದಕ್ಕೆ ಕೇಳಿ ನೋಡಿದ್ದೀರಾ ಒಂದು ಸಲ?"

ಎಲಿಯಾಸ್ ವಾದ ಮಾಡಲಿಲ್ಲ. ಇಬ್ಬರ ಪಾಸ್‌ಪೋರ್ಟನ್ನೂ ತಂದು ಅವಳ ಪಕ್ಕ ಕುಳಿತು ಅರ್ಜಿ ತುಂಬಿದ. ಮರುದಿನ ರಝಾಕನಿಗೆ ಅದನ್ನು ಹೇಳಬೇಕೆಂದು ಹೋದ. ಎದುರು ನಿಂತಾಗ ಬೇಡವೆನಿಸಿತು. ಹೇಳಿದರೆ ಅವನಿಗೇನು ಬಂತು? ಸತ್ತ ತಮ್ಮನಿಗೇನು ಬಂತು? ರಝಾಕ್ ಮುಖಕ್ಕೆ ವೆಲ್ಡಿಂಗ್ ಮುಖವಾಡ ಎಳೆದುಕೊಂಡು ಕೆಲಸಕ್ಕೆ ಬಗ್ಗಿದ. ಆಮೇಲೆ ಅವನು ಎಲಿಯಾಸನ ಮೇಜಿನ ಹತ್ತಿರ ಬರಲೇ ಇಲ್ಲ.

ಹೊರದೇಶದಲ್ಲಿ ಕೂತು ಓದುವವರೇ, ಇದು ನಿಮಗೇ ಹೇಳಿದ್ದು. ನಿಮ್ಮ ವೋಟಿಗಾಗಿ ನಿಮ್ಮ ಮನೆಯಲ್ಲಿ ಯಾರೂ ಗುಂಡು ತಿನ್ನಬೇಕಾಗಿ ಬರಲಿಲ್ಲ. ಅದಕ್ಕೇ ಬಿಸಾಡಿ ಕೂತಿದ್ದೀರಿ. ಇವತ್ತೇ ಹೆಸರು ಸೇರಿಸಿ. ಚುನಾವಣೆ ದಿನ ಗೊತ್ತಾದ ಕೂಡಲೇ ರಜೆ ಕೇಳಿ. ಸಿಗದಿದ್ದರೆ ಊರಿನಲ್ಲಿರುವ ಮನೆಯವರಿಗೆ ಫೋನ್ ಮಾಡಿ ಬೂತಿಗೆ ಎಬ್ಬಿಸಿ ಕಳಿಸಿ. ಟಪಾಲು ನೋಡುವ ಕೆಲಸ ನಿಮ್ಮದಾದರೆ, ಯಾವ ದೇಶದವನ ಲಕೋಟೆಯಾದರೂ ಅದೇ ದಿನ ಅವನ ಕೈಗೆ ಕೊಡಿ. ಅದರ ಹಿಂದೆ ಯಾರ ಸಾವಿದೆಯೋ ನಿಮಗೆ ಗೊತ್ತಿರುವುದಿಲ್ಲ.