ಮುಚ್ಚಳದ ಮೇಲಿನ ಕುಂಕುಮ

ನಾನೊಂದು ಲಾರಿ. ಬರೀ ಲಾರಿ ಎಂದರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ಬರುತ್ತದೆ. ಮಿಲಿಟರಿ ಲಾರಿ ಅನ್ನಿ. ಸೈನ್ಯಕ್ಕೆಂದೇ ಗಾಡಿ ಕಟ್ಟುವ ದೊಡ್ಡ ಕಾರ್ಖಾನೆಯಲ್ಲಿ ಹುಟ್ಟಿದೆ. ಮೈಗೆ ಕಡು ಹಸಿರು ಬಣ್ಣ, ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ, ಪಕ್ಕೆಯಲ್ಲಿ ಡೀಸೆಲ್ ಟ್ಯಾಂಕು, ಟ್ಯಾಂಕಿಗೊಂದು ತಿರುಪಿನ ಮುಚ್ಚಳ. ಆ ಮುಚ್ಚಳದ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ತೂತು. ಈ ತೂತನ್ನು ಮಾತ್ರ ನೀವು ಮರೆಯಬೇಡಿ.

ಟ್ಯಾಂಕಿನಿಂದ ಡೀಸೆಲ್ ಇಂಜಿನ್ನಿಗೆ ಹೋದಷ್ಟೂ ಅದರ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರುವುದು ಆ ತೂತಿನಿಂದ. ಗಾಳಿ ಬರದಿದ್ದರೆ ಪಂಪು ಎಷ್ಟು ಎಳೆದರೂ ಡೀಸೆಲ್ ಮೇಲೇಳುವುದಿಲ್ಲ. ಹೊಟ್ಟೆ ತುಂಬಿದ್ದರೂ ಹಸಿದು ನಿಲ್ಲಬೇಕಾಗುತ್ತದೆ. ಸೈನ್ಯದಲ್ಲಿ ಗಡ್ಡದ ಹವಾಲ್ದಾರನೊಬ್ಬ ವಾರವಾರವೂ ತಂತಿಯೊಂದನ್ನು ಆ ತೂತಿನಲ್ಲಿ ಆಡಿಸಿ, ಬಾಯಿಟ್ಟು ಊದಿ, ತಲೆಯಾಡಿಸಿ ಮುಂದಿನ ಗಾಡಿಗೆ ಹೋಗುತ್ತಿದ್ದ. ಆಗ ನನಗೆ ಕಚಗುಳಿಯಾಗುತ್ತಿತ್ತು. ಮುಂದೆ ಆ ತಂತಿಗಾಗಿ ಎಷ್ಟು ಹಂಬಲಿಸಿದೆನೋ ನನಗೇ ಗೊತ್ತು.

ವಯಸ್ಸಾಯಿತೆಂದು ಸೈನ್ಯ ನನ್ನನ್ನು ಹರಾಜಿಗೆ ಹಾಕಿತು. ಕುಷ್ಟಗಿ ಕಡೆ ಕಲ್ಲಿನ ಕ್ವಾರಿ ನಡೆಸುತ್ತಿದ್ದ ಅಂದಾನಪ್ಪ ಕೊಂಡರು. ಬೆನ್ನ ಮೇಲೆ ನೀರಿನ ಟಾಕಿ ಕೂರಿಸಿದರು. ಊರಿನ ಕೊಳವೆಬಾವಿಯಿಂದ ಕ್ವಾರಿಯ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವುದು ನನ್ನ ಕೆಲಸವಾಯಿತು. ಗುಂಡು ಮದ್ದು ಹೊತ್ತವನಿಗೆ ನೀರಿನ ಚಾಕರಿಯೇ ಎಂದು ಮೊದಮೊದಲು ಮುಖ ಊದಿಸಿಕೊಂಡಿದ್ದೆ. ಆದರೆ ಆ ಸುಡುವ ಬಂಡೆಗಳ ನಡುವೆ ನನ್ನ ಸದ್ದು ಕೇಳಿದೊಡನೆ ಸುತ್ತಿಗೆಗಳೆಲ್ಲ ನಿಲ್ಲುತ್ತಿದ್ದವು, ಜನ ಕೊಡ ಹಿಡಿದು ಓಡಿ ಬರುತ್ತಿದ್ದರು. ಇಷ್ಟು ಪ್ರೀತಿಯ ಸ್ವಾಗತ ನನಗೆ ಸೈನ್ಯದಲ್ಲೂ ಸಿಕ್ಕಿರಲಿಲ್ಲ.

ನನ್ನ ಡ್ರೈವರ್ ಯಂಕೋಬ. ಮಾತು ಕಮ್ಮಿ, ಆಡಿದ ಮಾತು ಖರೆ. ಅವನು ಹೇಳಿದರೆ ಮುಗಿಯಿತು, ಇನ್ನೊಬ್ಬರನ್ನು ಕೇಳಬೇಕಾಗಿಲ್ಲ ಎಂದು ಅಂದಾನಪ್ಪನವರೇ ಹತ್ತು ಜನರ ಮುಂದೆ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಯಂಕೋಬ ಸ್ಟೇರಿಂಗ್ ಹಿಡಿಯುವ ಗತ್ತೇ ಬೇರೆ.

ಆಯುಧಪೂಜೆಯ ದಿನ ಅವನು ನನ್ನನ್ನು ಮದುಮಗನಂತೆ ಸಿಂಗರಿಸುತ್ತಿದ್ದ. ಎಲ್ಲರೂ ಬಾನೆಟ್ಟಿಗೆ ಕುಂಕುಮ ಹಚ್ಚಿದರೆ ಇವನು ಮೊದಲು ಹಚ್ಚುತ್ತಿದ್ದುದು ಟ್ಯಾಂಕಿನ ಮುಚ್ಚಳಕ್ಕೆ. ಅನ್ನ ಉಣ್ಣುವ ಬಾಯಿ ಅದು, ಮೊದಲ ಬೊಟ್ಟು ಅದಕ್ಕೇ ಸಲ್ಲಬೇಕು ಎನ್ನುತ್ತಿದ್ದ. ಗಂಧ ತೇಯ್ದು ದಪ್ಪಗೆ ಮೆತ್ತಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದ. ವರ್ಷವಿಡೀ ನನ್ನನ್ನು ತಿಕ್ಕಿ ತಿಕ್ಕಿ ತೊಳೆದರೂ ಆ ಮುಚ್ಚಳವನ್ನು ಮಾತ್ರ ತೊಳೆಯುತ್ತಿರಲಿಲ್ಲ. ಇಟ್ಟ ಕುಂಕುಮ ಅಳಿಸಬಾರದಲ್ಲವೇ? ಮುಂದಿನ ಹಬ್ಬಕ್ಕೆ ಅದರ ಮೇಲೆಯೇ ಇನ್ನೊಂದು ಪದರ. ನಡುನಡುವೆ ಡೀಸೆಲ್ ಜಿಡ್ಡು, ಕ್ವಾರಿಯ ಕಲ್ಲಿನ ಪುಡಿ. ಎಲ್ಲ ಸೇರಿ ಸಿಮೆಂಟಿನಂತೆ ಗಟ್ಟಿಯಾಯಿತು. ಒಂದು ಬೇಸಿಗೆ ಶುರುವಾಗುವ ಹೊತ್ತಿಗೆ ನನ್ನ ತೂತು ಪೂರ್ತಿ ಮುಚ್ಚಿಹೋಯಿತು.

ಆಮೇಲೆ ನಿಲ್ಲತೊಡಗಿದೆ. ತುಂಬಿದ ಟಾಕಿ ಹೊತ್ತು ಏರು ಹತ್ತುವಾಗ ಎದೆ ಬಿಗಿಯುತ್ತಿತ್ತು, ಮುಗ್ಗರಿಸಿ ಮುಗ್ಗರಿಸಿ ಆರಿಹೋಗುತ್ತಿದ್ದೆ. ದಿನಾ ಅದೇ ದಾರಿ, ಅದೇ ಭಾರ. ಹಾಗಾಗಿ ಉಸಿರು ಕಟ್ಟುವ ಜಾಗವೂ ಹೆಚ್ಚುಕಮ್ಮಿ ಅದೇ. ಅಲ್ಲೊಂದು ದೊಡ್ಡ ಹುಣಸೆಮರವಿತ್ತು, ಅದರ ಕೆಳಗೆ ತಂಪಾದ ನೆರಳಿತ್ತು. ನಿಲ್ಲುವುದಕ್ಕೆ ಆ ಹಾಳು ಮರವೇ ಸಿಗಬೇಕೆ!

ಯಂಕೋಬ ಇಳಿದು ಮೊದಲು ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ನೋಡುತ್ತಿದ್ದ. ಯಾರಾದರೂ ಅದನ್ನೇ ಮಾಡುತ್ತಾರೆ. ತೆಗೆದೊಡನೆ ಗಾಳಿ ಒಳಗೆ ನುಗ್ಗುತ್ತಿತ್ತು. ನನಗೆ ಜೀವ ಬರುತ್ತಿತ್ತು. ಅವನಿಗೆ ಅದು ತಿಳಿಯುತ್ತಿರಲಿಲ್ಲ. ಫಿಲ್ಟರ್ ಬಿಚ್ಚಿ ತೊಳೆಯುತ್ತಿದ್ದ, ಪೈಪು ಊದುತ್ತಿದ್ದ, ಇಂಜಿನ್ನಿಗೆ ಡೀಸೆಲ್ ಏರಿಸುವ ಕೈಪಂಪು ಒತ್ತಿ ಒತ್ತಿ ಬೆವರುತ್ತಿದ್ದ. ಗಾಡಿ ಚಾಲೂ ಆದಾಗ ಫಿಲ್ಟರಿನದೇ ತೊಂದರೆ ಇತ್ತೆಂದು ನಂಬಿ ಮುಚ್ಚಳ ಬಿಗಿದು ಹೊರಡುತ್ತಿದ್ದ. ಮರುದಿನ ಮತ್ತೆ ಹುಣಸೆಮರ. ಮುಚ್ಚಳ ಕಣೋ, ಮುಚ್ಚಳ ಎಂದು ನಾನು ಒಳಗೊಳಗೇ ಬಾಯಿ ಬಡಿದುಕೊಳ್ಳುತ್ತಿದ್ದೆ. ನನಗಿರುವುದು ಒಂದು ಹಾರ್ನ್. ಅದನ್ನೂ ಅವನೇ ಒತ್ತಬೇಕು.

ಗ್ಯಾರೇಜಿಗೆ ಒಯ್ದರು. ಮೇಸ್ತ್ರಿಯೂ ಮೊದಲು ಮುಚ್ಚಳ ತೆಗೆದೇ ನೋಡಿದ. ನಾನು ಗುರುಗುಟ್ಟಿ ಓಡಿದೆ. ಗಾಡಿಯಲ್ಲಿ ಏನೂ ಇಲ್ಲ ಎಂದುಬಿಟ್ಟ. ಕೊನೆಗೆ ಅಂದಾನಪ್ಪನವರೇ ಒಂದು ದಿನ ಯಂಕೋಬನ ಪಕ್ಕ ಬಂದು ಕೂತರು. ಅವತ್ತು ಹೊರಡುವ ಮುಂಚೆ ಡೀಸೆಲ್ ಹಾಕಿದವನು ಅವಸರದಲ್ಲಿ ಮುಚ್ಚಳವನ್ನು ಸಡಿಲವಾಗಿ ಕೂರಿಸಿದ್ದ. ಸಂದಿನಿಂದ ಗಾಳಿ ಬಂತು. ಹುಣಸೆಮರ ದಾಟಿ, ಏರು ಹತ್ತಿ ಕ್ವಾರಿ ಮುಟ್ಟಿದೆ. ನಿಲ್ಲಬೇಕೆಂದು ನಾನು ಎಷ್ಟು ಬೇಡಿಕೊಂಡರೂ ಇಂಜಿನ್ ಆರಲಿಲ್ಲ. ಅಂದಾನಪ್ಪ ಯಂಕೋಬನ ಮುಖ ಒಮ್ಮೆ ನೋಡಿ ಇಳಿದುಹೋದರು.

ನೆರಳು ಕಂಡಲ್ಲಿ ಗಾಡಿ ನಿಲ್ಲಿಸಿ ಮಲಗುತ್ತಾನೆ, ಕೇಳಿದರೆ ಕೆಟ್ಟಿತ್ತು ಅನ್ನುತ್ತಾನೆ ಎಂಬ ಮಾತು ಕ್ವಾರಿಯಲ್ಲಿ ಹಬ್ಬಿತು. ಯಂಕೋಬ ಊಟದ ಹೊತ್ತಿಗೆ ನನ್ನ ಮರೆಯಲ್ಲಿ ಒಬ್ಬನೇ ಕೂತು ಬುತ್ತಿ ಬಿಚ್ಚುತ್ತಿದ್ದ.

ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ದಿನ ಹುಣಸೆಮರದ ಕೆಳಗೆ ನಿಂತ ನಾನು ಬಹಳ ಹೊತ್ತು ಚಾಲೂ ಆಗಲೇ ಇಲ್ಲ. ಅಷ್ಟು ಸಲ ಫಿಲ್ಟರ್ ಬಿಚ್ಚಿ ಬಿಚ್ಚಿ ಅದರ ವಾಷರ್ ಸೀಳಿತ್ತು. ಯಂಕೋಬ ಟ್ಯೂಬು ಕತ್ತರಿಸಿ ವಾಷರ್ ಮಾಡಿ ಕೂರಿಸಿದ. ಆ ಗಡಿಬಿಡಿಯಲ್ಲಿ ಅವತ್ತು ಮಾತ್ರ ಮುಚ್ಚಳ ತೆಗೆಯಲಿಲ್ಲ. ಅತ್ತ ಕ್ವಾರಿಯಲ್ಲಿ ನೀರಿಲ್ಲದೆ ಜಲ್ಲಿ ಒಡೆಯುವ ದುರಗವ್ವ ಬವಳಿ ಬಂದು ಬಂಡೆಯ ಮೇಲೆ ಬಿದ್ದಳು. ಆಕೆಯನ್ನು ಆಸ್ಪತ್ರೆಗೆ ಕಳಿಸಿ ಅಂದಾನಪ್ಪ ಮೋಟಾರ್ ಸೈಕಲ್ ಹತ್ತಿ ನಮ್ಮನ್ನು ಹುಡುಕಿಕೊಂಡು ಬಂದರು.

ಯಂಕೋಬ ಎಣ್ಣೆಗೈಯಲ್ಲೇ ಎದ್ದು ನಿಂತ. ಡೀಸೆಲ್ ತುಂಬಾ ಇದೆ, ಆದರೂ ಇಂಜಿನ್ ಹಿಡಿಯುತ್ತಿಲ್ಲ, ಬೇಕಾದರೆ ನೀವೇ ನೋಡಿ ಎಂದು ಮುಚ್ಚಳ ತೆಗೆದು ತೋರಿಸಿದ. ಹುಸ್ಸೆಂದು ಗಾಳಿ ನುಗ್ಗಿತು. ಮೋಟಾರ್ ಸೈಕಲ್ಲಿನ ಸದ್ದಿನಲ್ಲಿ ಇಬ್ಬರಿಗೂ ಅದು ಕೇಳಲಿಲ್ಲ. ಚಾಲೂ ಮಾಡು ಎಂದರು ಅಂದಾನಪ್ಪ. ಅವನು ಕೈಪಂಪು ಒತ್ತಿ ಚಾವಿ ತಿರುಗಿಸಿದ. ನಾನು ಒಂದೇ ಏಟಿಗೆ ಹಿಡಿದೆ.

"ಈಗ ಹೆಂಗ ಚಾಲೂ ಆತು?" ಅಂದರು ಅವರು.

"ನನಗೂ ತಿಳೀವಲ್ದರೀ, ಧಣ್ಯಾರ."

"ದುರಗವ್ವ ಸತ್ತಿದ್ರ ಅವಾಗೂ ಹಿಂಗ ಅಂತಿದ್ದೇನು? ನಿನ್ನ ಮಾತು ನಂಬಿದ್ದೆನಲ್ಲೋ ಯಂಕೋಬ."

ಅವನು ನೀರನ್ನು ಕ್ವಾರಿಗೆ ಮುಟ್ಟಿಸಿ, ಕೊಡಗಳೆಲ್ಲ ತುಂಬುವ ತನಕ ನಿಂತಿದ್ದು, ಚಾವಿಯನ್ನು ಸೀಟಿನ ಮೇಲಿಟ್ಟು ನಡೆದುಹೋದ. ಕನ್ನಡಿಯಲ್ಲಿ ಅವನು ಸಣ್ಣಗಾಗುತ್ತ ಹೋಗುವುದು ಕಾಣುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಅಸಹಾಯಕನಾಗಿ ನಾನು ಎಂದೂ ನಿಂತಿರಲಿಲ್ಲ.

ಹೊಸ ಡ್ರೈವರ್ ಮಹಾ ಸೋಮಾರಿ. ತಿರುಪು ಬಿಗಿ ಎಂದು ಗೊಣಗಿ ಬಂದ ಹೊಸದರಲ್ಲೇ ಮುಚ್ಚಳವನ್ನು ಸೀಟಿನ ಕೆಳಗಿನ ಪೆಟ್ಟಿಗೆಗೆ ಎಸೆದು, ಟ್ಯಾಂಕಿನ ಬಾಯಿಗೆ ಹಳೇ ಬಟ್ಟೆ ತುರುಕಿದ. ಬಟ್ಟೆಯ ಎಳೆಗಳ ನಡುವೆ ಗಾಳಿ ಧಾರಾಳವಾಗಿ ಬಂತು. ನಾನು ಮತ್ತೆ ನಿಲ್ಲಲೇ ಇಲ್ಲ. ನೋಡಿದಿರಾ, ಅವನು ಹೋದ ಮೇಲೆ ಗಾಡಿ ಹೇಗೆ ಸರಿಯಾಯಿತು ಎಂದು ಜನ ಆಡಿಕೊಂಡರು. ನಾನು ಚೆನ್ನಾಗಿ ಓಡಿದ ಪ್ರತಿ ದಿನವೂ ಯಂಕೋಬ ಸುಳ್ಳನೆಂದು ಸಾಕ್ಷಿ ನುಡಿದಂತಾಗುತ್ತಿತ್ತು. ಹುಣಸೆಮರ ದಾಟುವಾಗೆಲ್ಲ ನನಗೆ ಅಳು ಬರುತ್ತಿತ್ತು.

ಕಾಲ ಕಳೆಯಿತು. ಅಂದಾನಪ್ಪ ತೀರಿಕೊಂಡರು, ಕ್ವಾರಿ ಮುಚ್ಚಿತು. ಗಾಲಿಗಳ ಗಾಳಿ ಇಳಿದು, ಟ್ಯಾಂಕು ಒಣಗಿ, ಒಡೆದ ಬಂಡೆಗಳ ಮಗ್ಗುಲಲ್ಲಿ ಬಿದ್ದಿದ್ದೇನೆ. ಕಾವಲಿಗಿರುವುದು ಅದೇ ದುರಗವ್ವ, ಈಗ ಮುದುಕಿ.

ಮೊನ್ನೆ ಆಯುಧಪೂಜೆಯ ದಿನ ಯಂಕೋಬ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಕುಂಕುಮದ ಪೊಟ್ಟಣವಿತ್ತು. ನೇರ ಟ್ಯಾಂಕಿನ ಬಳಿ ಬಂದವನು ಬಟ್ಟೆ ನೋಡಿ ನಿಂತ. ಇದು ಯಾವಾಗಿನಿಂದ ಹೀಗಿದೆ ಎಂದು ದುರಗವ್ವನನ್ನು ಕೇಳಿದ.

"ನೀ ಹ್ವಾದ ಬಳಿಕ ಬಂದಾವ ತುರುಕಿದ್ದು. ಆಮ್ಯಾಲೆ ಗಾಡಿ ಒಂದ ಸಲಾನೂ ನಿಂದರಲಿಲ್ಲ ನೋಡು," ಅಂದಳು ಆಕೆ.

ಯಂಕೋಬ ಆ ಬಟ್ಟೆಯನ್ನು ಎಳೆದು ತೆಗೆದು, ಅದರ ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಾಗಿಲು ಎಳೆದು ಸೀಟಿನ ಕೆಳಗಿನ ಪೆಟ್ಟಿಗೆ ತಡಕಿದ. ಮುಚ್ಚಳ ಸಿಕ್ಕಿತು. ಮೇಲೆ ಕುಂಕುಮ ಕಲ್ಲಾಗಿ ಕೂತಿತ್ತು. ತಿರುಗಿಸಿ ತುಟಿಗಿಟ್ಟು ಊದಿದ. ಗಾಳಿ ಹೋಗಲಿಲ್ಲ. ಕೆನ್ನೆ ಉಬ್ಬಿಸಿ ಇನ್ನೊಮ್ಮೆ ಊದಿದ. ಮುಚ್ಚಳ ಹಿಡಿದುಕೊಂಡೇ ನನ್ನ ಗಾಲಿಗೆ ಒರಗಿ ಕುಸಿದು ಕೂತ.

"ನಾ ಮಲಗಿದ್ದಿಲ್ಲ ದುರಗವ್ವ," ಅಂದ. "ನನ್ನ ಕೈಲೇ ಇದರ ಉಸಿರು ಕಟ್ಟಿಸಿದ್ದೆ."

"ನೀ ಮಲಗೋ ಮನಶ್ಯಾ ಅಲ್ಲ ಅಂತ ನಾ ಅವಾಗೇ ಅಂದಿದ್ದೆ," ಅಂದಳು ದುರಗವ್ವ. "ಧಣಿ ಕೇಳಲಿಲ್ಲ."

ಯಂಕೋಬ ಜಾಲಿಯ ಮುಳ್ಳೊಂದನ್ನು ಕಿತ್ತು ತಂದು, ಹಳೇ ಕುಂಕುಮವನ್ನು ಕೆರೆದು ಕೆರೆದು ತೆಗೆದ. ಊದಿದಾಗ ಸಿಳ್ಳಿನಂತೆ ಸಣ್ಣ ಸದ್ದು ಬಂತು. ಆ ಹವಾಲ್ದಾರನ ನಂತರ ನಾನು ಅದನ್ನು ಕೇಳಿದ್ದು ಅವತ್ತೇ. ಮುಚ್ಚಳ ತಿರುಪಿ ಕೂರಿಸಿದ. ಹೊಸ ಕುಂಕುಮವನ್ನು ಬಾನೆಟ್ಟಿಗೆ ಹಚ್ಚಿ, ಕೈ ಮುಗಿದು, ಬಂದ ದಾರಿಯಲ್ಲೇ ನಡೆದ.

ಈಗ ನನ್ನ ಉಸಿರಾಟಕ್ಕೆ ಏನೂ ತೊಂದರೆಯಿಲ್ಲ. ಬೀಸಿದ ಗಾಳಿಯೆಲ್ಲ ಆ ತೂತಿನಿಂದ ಸಲೀಸಾಗಿ ಬಂದು ಹೋಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಇಲ್ಲ, ಯಂಕೋಬ ಮಲಗಿರಲಿಲ್ಲ ಎಂಬ ಮಾತು ಕೇಳಬೇಕಾದ ಧಣಿಯೂ ಇಲ್ಲ.