ಮೇಜಿನ ಮೇಲೊಂದು ಕುಟ್ಟು

ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಅಪ್ಪನ ಬಾಯಿಗೆ ಬೀಗ ಬಿದ್ದದ್ದು ಬಿದ್ದೇ ಇತ್ತು. ಇನ್ನೆರಡು ತಿಂಗಳಲ್ಲಿ ಒಂದು ಪದವಾದರೂ ಬಾರದಿದ್ದರೆ ಆಸೆ ಕಡಿಮೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಅಂದಿನಿಂದ ಮಗಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಪ್ಪ ಮೂವತ್ತು ವರ್ಷ ಇಂಗ್ಲಿಷ್ ನಿಘಂಟಿನ ಕರಡು ತಿದ್ದಿದವರು. ಪ್ರೆಸ್ಸಿನಲ್ಲಿ ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಾದ ಹಾಳೆ ನೋಡಬೇಕು. ಜೋಡಿಪದದ ನಡುವಿನ ಗೆರೆಗೆ ಓದುವವನು ‘ಕಡ್ಡಿ’ ಎನ್ನುತ್ತಿದ್ದ. ಉಚ್ಚಾರಣೆಯಲ್ಲಿ ಹೆಚ್ಚು ಒತ್ತು ಬೀಳುವ ತುಂಡು ಬಂದರೆ ಮೇಜು ಕುಟ್ಟುತ್ತಿದ್ದ. ಅಪ್ಪ ಮನೆಯಲ್ಲೂ ಮೊದಲು ತಾವೇ ಕುಟ್ಟಿ ತೋರಿಸಿ, ಮಗಳಿಂದ ಇದನ್ನೇ ಮಾಡಿಸುತ್ತಿದ್ದರು. ಕುಟ್ಟು ಒಂದಿಷ್ಟು ಜಾರಿತೋ, ‘ತಪ್ಪು’ ಎಂಬ ಗುಡುಗು ತಯಾರು. ಆ ಪದಕ್ಕೆ ಹೆದರಿಯೇ ನೋಡಿ, ಅವಳು ಪುಸ್ತಕ ಬಿಟ್ಟು ಹೊಲಿಗೆ ಹಿಡಿದದ್ದು.

ಒಂದು ಮಧ್ಯಾಹ್ನ ಟ್ರಂಕಿನಲ್ಲಿ ಬಟ್ಟೆ ಹುಡುಕುವಾಗ ಹಳೆಯ ಕರಡು ಸಿಕ್ಕಿತು. ಆ ಕುಟ್ಟು ಅಪ್ಪನ ಕೈಯಲ್ಲಿ ಇನ್ನೂ ಉಳಿದಿದೆಯೇ? ನೋಡಿಯೇಬಿಡೋಣ ಎಂದು ಎದುರು ಕುಳಿತು ಓದಿದಳು.

“ಓಲ್ಡ್, ಕಡ್ಡಿ, ಫ್ಯಾ-ಶನ್ಡ್.”

ಅಪ್ಪನ ಎಡಗೈ ಬೆರಳು ‘ಫ್ಯಾ’ಗೆ ಸರಿಯಾಗಿ ಟಕ್ ಎಂದಿತು. ಅವಳು ಹಾಳೆಯಲ್ಲಿ ಇನ್ನೊಂದು ಜೋಡಿಪದ ಹುಡುಕಿದಳು. ‘ಗುಡ್, ಕಡ್ಡಿ, ಲು-ಕಿಂಗ್’ ಎಂದಳು. ಟಕ್ ಬಿದ್ದದ್ದು ‘ಲು’ ಮೇಲೆ. ಕಡ್ಡಿ ದಾಟಿದ ಮೇಲೆಯೇ ಪ್ರತಿಸಲವೂ ಕುಟ್ಟು. ನೀರು ಬೇಕೆಂದು ಹೇಳಲಾಗದ ಮನುಷ್ಯ! ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಅವಳಿಗೆ ನಗು ಬಂತು, ಬೆನ್ನಿಗೇ ಅಳುವೂ ಬಂತು. ಅಕ್ಷರ ಮಂಜಾದವು.

“ವಾರ್ಮ್, ಕಡ್ಡಿ, ಹಾರ್-ಟೆಡ್,” ಎಂದು ಓದುತ್ತ, ತನಗರಿವಿಲ್ಲದೆ ತಾನೇ ಮೇಜು ಕುಟ್ಟಿದಳು. ಅದು ಕಡ್ಡಿಗೂ ಮೊದಲೇ, ‘ವಾರ್ಮ್’ ಮೇಲೆ ಬಿತ್ತು.

ಅಪ್ಪನ ಬೆರಳು ಅರ್ಧದಲ್ಲೇ ನಿಂತಿತು. ಹುಬ್ಬು ಗಂಟಾಯಿತು. ತುಟಿ ಸೊಟ್ಟಗಾಗಿ ಅದುರಿತು, ಕತ್ತಿನ ನರ ಉಬ್ಬಿತು. ಅವಳು ಗಾಬರಿಯಾಗಿ ಎದ್ದಳು.

“ತ... ತಪ್ಪು.”

ಕರಡು ಕೈಯಿಂದ ಜಾರಿತು. ಬಾಲ್ಯವಿಡೀ ಶಾಪ ಹಾಕಿದ್ದ ಪದ ಅದು. ಈಗ ಅದನ್ನು ಕೇಳಿ ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಕೊರಳಲ್ಲಿದ್ದ ಅಳತೆ ಟೇಪಿನಿಂದಲೇ ಕಣ್ಣೊರೆಸಿಕೊಂಡು ಮತ್ತೆ ಕುಳಿತಳು.

“ಅಪ್ಪ, ಇನ್ನೊಂದ್ ಪದ ಓದ್ತೀನಿ, ಸರಿಯಾಗಿ ಕೇಳಿಸ್ಕೊಳ್ಳಿ.”

ಓದಿದಳು. ಈ ಸಲ ಬೇಕೆಂದೇ ತಪ್ಪು ಜಾಗದಲ್ಲಿ ಕುಟ್ಟಿ, ಅಪ್ಪನ ಬಾಯಿಯನ್ನೇ ನೋಡುತ್ತ ಕಾದಳು.